ಐವತ್ತೈದು ಇಂಚಿನ ರಸ್ತೆ

ಟಿವಿ ಅಂಗಡಿಯ ಗೋಡೆಯ ಮೇಲೆ ಸದಾ ಜೇನುತುಪ್ಪ ಸುರಿಯುತ್ತಿರುತ್ತದೆ. ಅದು ಮುಗಿದರೆ ಒಂದು ಗಿಣಿ ರೆಕ್ಕೆ ಬಿಚ್ಚುತ್ತದೆ. ಗಿಣಿ ಹಾರಿಹೋದ ಮೇಲೆ ಯಾವುದೋ ದೇಶದ ಜಲಪಾತ ಧುಮುಕುತ್ತದೆ. ಮುಂದೆ ನಿಂತ ಸಂಸಾರಗಳು ಬಾಯಿ ತೆರೆದುಕೊಂಡು ನೋಡುತ್ತವೆ. ಮನೆಗೆ ಒಯ್ದ ಮೇಲೆ ಇದೇ ಪರದೆಯಲ್ಲಿ ತಾವು ನೋಡುವುದು ಅತ್ತೆ ಸೊಸೆಯರ ಜಗಳ ಮತ್ತು ಗಂಟಲು ಹರಿದುಕೊಳ್ಳುವ ಸುದ್ದಿಯವರನ್ನು ಎಂಬುದು ಆ ಗಳಿಗೆಯಲ್ಲಿ ಅವರಿಗೆ ಮರೆತೇ ಹೋಗಿರುತ್ತದೆ. ಜೇನುತುಪ್ಪ ನೋಡಿ ಟಿವಿ ಕೊಳ್ಳುವವರ ಬುದ್ಧಿಗೆ ಏನೆನ್ನಬೇಕೋ ನನಗೆ ಇವತ್ತಿಗೂ ತಿಳಿದಿಲ್ಲ.

ನಾನು ಆ ಗೋಡೆಯ ಮುಂದೆ ಹೋಗಿ ನಿಂತದ್ದು ನಮ್ಮ ಯಜಮಾನರಿಗೆ ಬಸ್ಸಿನ ಕನ್ನಡಿ ಕಾಣುತ್ತದೆಯೇ ಎಂದು ನೋಡುವುದಕ್ಕೆ. ಇದನ್ನು ಅಲ್ಲಿದ್ದ ಯಾರಿಗಾದರೂ ಹೇಳಿದ್ದರೆ ನನ್ನನ್ನು ಹುಚ್ಚಿ ಅನ್ನುತ್ತಿದ್ದರು. ಆಮೇಲೆ ಹೇಳಿದೆ, ಹಾಗೇ ಅಂದುಕೊಂಡರು.

ನಮ್ಮ ಯಜಮಾನರು ಮುಂಬಯಿಯಲ್ಲಿ ಸಿಟಿ ಬಸ್ಸು ಓಡಿಸಿದವರು. ವಿಜಯಪುರದ ಕಡೆಯಿಂದ ಮೀಸೆ ಮೂಡುವ ವಯಸ್ಸಿನಲ್ಲಿ ಬಂದು, ಕ್ಲೀನರ್ ಆಗಿ, ಲಾರಿ ಕಲಿತು, ಕೊನೆಗೆ ಬಸ್ಸಿನ ಸ್ಟೇರಿಂಗ್ ಹಿಡಿದು, ಅದನ್ನು ಬಿಟ್ಟದ್ದು ನಿವೃತ್ತಿಯ ದಿನ. ನಾನು ಕನ್ನಡ ಶಾಲೆಯಲ್ಲಿ ಪಾಠ ಹೇಳಿದವಳು. ಇಬ್ಬರೂ ನಿವೃತ್ತರಾಗಿ ಚೆಂಬೂರಿನ ನಮ್ಮ ಸಣ್ಣ ಮನೆಯಲ್ಲಿ ಎದುರು ಬದುರು ಕೂತಾಗ ಗೊತ್ತಾಯಿತು, ಈ ಮನುಷ್ಯನಿಗೆ ಬಸ್ಸು ಬಿಟ್ಟರೆ ಮಾತೇ ಇಲ್ಲ ಎಂದು. ಚಹಾ ಕೊಟ್ಟರೆ ಕುಡಿದರು, ಊಟಕ್ಕೆ ಕರೆದರೆ ಬಂದರು. ಉಳಿದ ಹೊತ್ತೆಲ್ಲ ಕಿಟಕಿ ಪಕ್ಕ ಕೂತು ಕೆಳಗಿನ ರಸ್ತೆಯ ಹಾರ್ನ್ ಕೇಳುವುದು. ಬದುಕಿರುವ ಗಂಡನ ಜೊತೆ ಒಂಟಿಯಾಗಿರುವುದು ಎಂಥದು ಎಂದು ಅನುಭವಿಸಿದವರಿಗೇ ಗೊತ್ತು.

ಅವರ ಬಾಯಿ ಬಿಡಿಸಿದ್ದು ನಮ್ಮ ಮಗಳು ಬಿಟ್ಟುಹೋದ, ಟಿವಿಗೆ ಹಚ್ಚುವ ಗೇಮಿನ ಡಬ್ಬಿ. ಅವಳು ಮದುವೆಯಾಗಿ ಭಾಂಡುಪ್‌ಗೆ ಹೋಗುವಾಗ, ಅಲ್ಲಿ ಅಳಿಯನ ಹತ್ತಿರ ಹೊಸದೇ ಇದೆ ಎಂದು ತನ್ನ ಹಳೆಯದನ್ನು ಇಲ್ಲೇ ಬಿಟ್ಟಿದ್ದಳು. ಒಂದು ಭಾನುವಾರ ಬಂದವಳು ಸುಮ್ಮನೆ ಅದರಲ್ಲಿ ಬಸ್ಸು ಓಡಿಸುವ ಆಟ ಹಾಕಿ ಅಪ್ಪನ ಕೈಗೆ ಅದರ ಗುಂಡಿಗಳಿರುವ ಕಂಟ್ರೋಲರ್ ಕೊಟ್ಟಳು. ಅವರು ಅದನ್ನು ಸತ್ತ ಇಲಿ ಹಿಡಿದ ಹಾಗೆ ಹಿಡಿದುಕೊಂಡರು. ಸ್ವಲ್ಪ ಹೊತ್ತಿಗೆ ಬಸ್ಸು ಹೊರಟಿತು. ಇನ್ನೂ ಸ್ವಲ್ಪ ಹೊತ್ತಿಗೆ ಬೈಗುಳ ಶುರುವಾಯಿತು.

"ಇದೇನ್ ಊರೋ ಸುಡಗಾಡೋ? ಒಬ್ಬ ಮನಷಾ ಅಡ್ಡ ಬರವಲ್ಲ, ಒಂದ್ ರಿಕ್ಷಾ ತುರಕವಲ್ಲದು. ಇಂಥಾ ರಸ್ತೆದಾಗ ಎಮ್ಮೀನೂ ಬಸ್ ಓಡಸತೈತಿ" ಎಂದರು.

ಅವರ ಬಾಯಿಂದ ಅಷ್ಟು ಉದ್ದದ ಮಾತು ಕೇಳಿ ಎಷ್ಟೋ ಕಾಲವಾಗಿತ್ತು. ನನಗೆ ಆ ಬೈಗುಳ ಮಂತ್ರದ ಹಾಗೆ ಕೇಳಿಸಿತು. ಅವತ್ತಿನಿಂದ ದಿನವೂ ಸ್ನಾನ, ನಾಷ್ಟಾ ಮುಗಿಸಿ ಡ್ಯೂಟಿಗೆ ಹೋಗುವವರ ಹಾಗೆ ಅಂಗಿ ಹಾಕಿಕೊಂಡು ಟಿವಿಯ ಮುಂದೆ ಕೂಡತೊಡಗಿದರು. ಮಧ್ಯಾಹ್ನ ಊಟಕ್ಕೆ ಕೂತರೆ ಹಳೆಯ ರೂಟುಗಳ ಕತೆ, ಮಳೆಯಲ್ಲಿ ನೀರು ತುಂಬಿದ ಸಬ್‌ವೇ, ಹೆಂಡತಿಯ ತಾಳಿ ಒತ್ತೆಯಿಟ್ಟು ಓಡಿಸುತ್ತಿದ್ದಾನೇನೋ ಎಂಬಂತೆ ನುಗ್ಗುವ ಟ್ಯಾಕ್ಸಿಯವನು, ಎಲ್ಲ ಹೊರಗೆ ಬಂದವು. ಅಕ್ಕಪಕ್ಕದವರು ನಕ್ಕರು. ಮುದುಕನಿಗೆ ಮಕ್ಕಳ ಆಟ ಎಂದರು. ದಿನಕ್ಕೆ ಆರು ತಾಸು ಫೋನಿನಲ್ಲಿ ಪರರ ಅಡುಗೆ ನೋಡುವ ಹೆಂಗಸರಿಗೆ ನನ್ನ ಗಂಡನ ಬಸ್ಸು ನಗೆಪಾಟಲಾಗಿ ಕಂಡಿತು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಆದರೆ ಅವರಿಗೆ ಸಕ್ಕರೆ ಕಾಯಿಲೆ ಇತ್ತು, ಅದು ಕಣ್ಣಿಗಿಳಿಯಿತು. ಇರುವಷ್ಟು ನೋಟವನ್ನು ಉಳಿಸಿಕೊಳ್ಳೋಣ, ಹೋದದ್ದು ಬರುವುದಿಲ್ಲ ಎಂದು ಡಾಕ್ಟರು ನೇರವಾಗಿ ಹೇಳಿದರು. ನಮ್ಮ ಹಳೆಯ ಟಿವಿ ಸಣ್ಣದು. ಅದರೊಳಗಿನ ಬಸ್ಸಿನ ಕನ್ನಡಿ ಬೆರಳುಗುರಿನಷ್ಟು. ಸ್ಟಾಪಿನಲ್ಲಿ ನಿಂತ ಜನ ಸಾಸಿವೆ ಕಾಳು. ಅವರು ಕುರ್ಚಿಯನ್ನು ಎಳೆದೆಳೆದು ಮೂಗು ಪರದೆಗೆ ತಾಗುವಷ್ಟು ಹತ್ತಿರ ಹೋದರು. ಆಮೇಲೆ ಸ್ಟಾಪುಗಳನ್ನು ಬಿಟ್ಟು ಸುಮ್ಮನೆ ಖಾಲಿ ರಸ್ತೆಯಲ್ಲಿ ಸುತ್ತಿದರು. ಒಂದು ದಿನ ಅಂಗಿ ಹಾಕಿಕೊಳ್ಳಲಿಲ್ಲ.

"ಯಾಕ್ರೀ, ಇವತ್ತ ರಜಾ ಏನು?" ಎಂದೆ.

"ಕನ್ನಡಿ ಕಾಣಲಾರದವ ಬಸ್ ಹಿಡೀಬಾರದು. ಸಾಕು, ಬಿಡು" ಎಂದು ಹೋಗಿ ಕಿಟಕಿಯ ಪಕ್ಕ ಕೂತರು.

ಮತ್ತೆ ಆ ಕಿಟಕಿ. ನನಗೆ ನಿಜವಾಗಿಯೂ ಹೆದರಿಕೆಯಾಯಿತು. ಈ ಸಲ ಅವರು ಆ ಮೌನದೊಳಗೆ ಹೋದರೆ ತಿರುಗಿ ಬರುವುದಿಲ್ಲ ಎಂದು ಅನಿಸಿತು. ದೊಡ್ಡ ಟಿವಿ ತರಲೇಬೇಕೆಂದು ನಿಶ್ಚಯಿಸಿದ್ದು ಅವತ್ತು. ಪಿಂಚಣಿಯವರ ಕೈಗೆ ಎಟಕುವಷ್ಟರಲ್ಲಿ ಎಷ್ಟು ದೊಡ್ಡದು ಸಿಗುತ್ತದೋ ಅಷ್ಟು ದೊಡ್ಡದು.

ಇಲ್ಲಿ ನಾನೊಂದು ದಡ್ಡತನ ಮಾಡಿದೆ, ತಮ್ಮನಿಗೆ ಹೇಳಿದೆ. ವಿಲೆ ಪಾರ್ಲೆಯಲ್ಲಿರುವ ನನ್ನ ತಮ್ಮ ಕೊಳ್ಳುವ ವಿಷಯದಲ್ಲಿ ಪಂಡಿತ. ಒಂದು ಮಿಕ್ಸರ್ ತರಬೇಕಾದರೂ ಹತ್ತು ವಿಡಿಯೊ ನೋಡುತ್ತಾನೆ. ನೋಡಿ ನೋಡಿ ಕೊನೆಗೆ ಅವನ ಮನೆಯಲ್ಲಿ ಚಟ್ನಿಯನ್ನು ಹೆಂಡತಿ ಕಲ್ಲಿನಲ್ಲಿ ಅರೆಯುತ್ತಾಳೆ. ಗೇಮ್ ಎಂಬ ಶಬ್ದ ಕಿವಿಗೆ ಬಿದ್ದದ್ದೇ ಅವನು ಉಬ್ಬಿಹೋದ.

"ಅಕ್ಕಾ, ಗೇಮಿಂಗ್ ಅಂದ್ಮ್ಯಾಲ ರಿಫ್ರೆಶ್ ರೇಟ್ ಮುಖ್ಯ, ಸೆಕೆಂಡಿಗೆ ಚಿತ್ರ ಎಷ್ಟ ಸಲ ಬದಲಾಗತೈತಿ ಅನ್ನೋದು. ನೂರಾ ನಲವತ್ನಾಕ ಹರ್ಟ್ಸ್ ಬೇಕಽ ಬೇಕು. ಇಂಚ್ ನೋಡಿ ಟಿವಿ ತಗೊಳ್ಳೋರು ಹಳ್ಳಿ ಮಂದಿ" ಎಂದ.

ಅವನು ಹೇಳಿದ ಟಿವಿ ದೊಡ್ಡ ಹೆಸರಿನದು, ದೊಡ್ಡ ಬೆಲೆಯದು, ಗಾತ್ರ ಮಾತ್ರ ನಮ್ಮ ಹಳೆಯದಕ್ಕಿಂತ ಒಂದು ಗೇಣು ಹೆಚ್ಚು. ಮಗಳಿಗೆ ಫೋನು ಮಾಡಿದೆ. ಅವಳು ಫೋನಿನಲ್ಲೇ ನಕ್ಕಳು. ಅವಳ ಕನ್ನಡದಲ್ಲಿ ಕ್ರಿಯಾಪದ ಒಂದೇ ನಮ್ಮದು, ಉಳಿದದ್ದು ಮುಂಬಯಿಯದು.

"ಮಮ್ಮಿ, ವೋ ಪುರಾನಾ ಕನ್ಸೋಲ್ ಸಿಕ್ಸ್‌ಟಿ ಕೇ ಊಪರ್ ಕೊಡೋದೇ ಇಲ್ಲ. ಮಾಮಾ ಕೋ ಹೇಳು, ಪೈಸಾ ವೇಸ್ಟ್ ಆಗ್ತೈತಿ. ಬಡಾ ಸೈಜ್ ನೋಡು, ಗೇಮ್ ಮೋಡ್ ಐತೇನು ನೋಡು, ಬಸ್."

ಅಂದರೆ ನಮ್ಮ ಡಬ್ಬಿಯಿಂದ ಬರುವುದೇ ಚೊಂಬು ನೀರು, ತಮ್ಮ ಅದಕ್ಕೆ ಹಂಡೆ ಕೊಳ್ಳಲು ಹೇಳುತ್ತಿದ್ದ. ಇದನ್ನು ಅವನಿಗೆ ತಿಳಿಸಿದಾಗ, ಮುಂದೆ ಹೊಸ ಕನ್ಸೋಲ್ ತಗೊಂಡರೆ ಬೇಕಾಗುತ್ತದೆ ಎಂದ. ಮುಂದಿನದನ್ನು ನೋಡಿ ಬದುಕುವ ಇಂಥವರು ಇವತ್ತಿನ ಒಂದು ದಿನವನ್ನಾದರೂ ಸರಿಯಾಗಿ ನೋಡಿದ್ದನ್ನು ನಾನು ಕಂಡಿಲ್ಲ.

ಮಾಲಿನ ಅಂಗಡಿಗೆ ತಮ್ಮನೂ ಸೇರಿ ಮೂವರೂ ಹೋದೆವು. ನನ್ನ ಕೈಯಲ್ಲಿ ತರಕಾರಿಯ ಚೀಲ, ಅದರಲ್ಲಿ ಟವೆಲ್ಲಿನಲ್ಲಿ ಸುತ್ತಿದ ಗೇಮಿನ ಡಬ್ಬಿ. ಟೈ ಕಟ್ಟಿದ ಮಾರಾಟದವನು ಬಂದು, ಯಜಮಾನರನ್ನೂ ನನ್ನನ್ನೂ ದಾಟಿ ತಮ್ಮನ ಕೈ ಕುಲುಕಿದ. ಬಿಳಿ ಕೂದಲಿನವರು ಅವನಿಗೆ ಗಿರಾಕಿಗಳಲ್ಲ, ಗಿರಾಕಿಯ ಲಗೇಜು. ಗೇಮಿಂಗ್ ಎಂದಾಗ, ಮೊಮ್ಮಗನಿಗಾ ಆಂಟಿ ಎಂದು ಹಲ್ಲು ಕಿರಿದ. ಇವರಿಗೆ ಎಂದು ಗಂಡನನ್ನು ತೋರಿಸಿದೆ. ಹಲ್ಲು ಹಾಗೇ ಇತ್ತು, ನಗು ಮಾತ್ರ ಹೋಯಿತು.

ಅವನು ತೋರಿಸಿದ್ದೇ ತೋರಿಸಿದ್ದು. ಇದರಲ್ಲಿ ಕಪ್ಪು ಹೆಚ್ಚು ಕಪ್ಪಂತೆ, ಅದರಲ್ಲಿ ಮಾತಾಡಿದರೆ ಟಿವಿ ಉತ್ತರ ಕೊಡುತ್ತದಂತೆ. ಮನೆಯಲ್ಲಿ ಗಂಡನೇ ಉತ್ತರ ಕೊಡದೆ ಕೂತಿರುವಾಗ ಟಿವಿಯ ಉತ್ತರ ಕಟ್ಟಿಕೊಂಡು ನಾನೇನು ಮಾಡಲಿ. ಐವತ್ತೈದು ಇಂಚಿನ, ಅಷ್ಟೇನೂ ಹೆಸರಿಲ್ಲದ ಒಂದು ಟಿವಿ ಮೂಲೆಯಲ್ಲಿತ್ತು. ಬೆಲೆ ನಮ್ಮ ಕೈಗೆಟಕುವಂಥದು. ಇದಕ್ಕೆ ನಮ್ಮ ಡಬ್ಬಿ ಹಚ್ಚಿ ತೋರಿಸು ಎಂದೆ. ಅದು ಆಗುವುದಿಲ್ಲ ಆಂಟಿ, ಡೆಮೊ ಹೀಗೇ ಇರುತ್ತದೆ ಎಂದ. ಸೀರೆ ಕೊಳ್ಳುವಾಗ ಮಡಿಕೆ ಬಿಚ್ಚಿ ನೋಡುತ್ತೇವೆ, ಹಲಸಿನ ಹಣ್ಣನ್ನು ಕೊಯ್ದು ನೋಡುತ್ತೇವೆ, ನಿನ್ನ ಜೇನುತುಪ್ಪ ನೋಡಿ ದುಡ್ಡು ಕೊಡಲು ನಾನೇನು ಕರಡಿಯೇ ಎಂದು ಹಿಂದಿಯಲ್ಲಿ ಕೇಳಿದೆ. ಪಕ್ಕದ ಸಂಸಾರ ಜಲಪಾತ ಬಿಟ್ಟು ನನ್ನನ್ನು ನೋಡತೊಡಗಿತು. ತಮ್ಮ ತನಗೂ ನನಗೂ ಸಂಬಂಧವೇ ಇಲ್ಲದವನಂತೆ ಫ್ರಿಜ್‌ಗಳ ಕಡೆಗೆ ನಡೆದ. ಕೊನೆಗೆ ಮಾರಾಟದವನು ತಂತಿ ತಂದ.

ಯಜಮಾನರು ನಿಂತೇ ಬಸ್ಸು ಹೊರಡಿಸಿದರು. ಸಿಗ್ನಲ್ ಬಂತು. ಅವರು ಬ್ರೇಕ್ ಒತ್ತಿದರು, ಬಸ್ಸು ಒಂದು ಕ್ಷಣ ಬಿಟ್ಟು ನಿಂತಿತು. ಮತ್ತೊಮ್ಮೆ ಒತ್ತಿದರು. ಮತ್ತೆ ಹಾಗೇ. ಕಂಟ್ರೋಲರನ್ನು ನನ್ನ ಕೈಗೆ ಕೊಟ್ಟರು.

"ಇದಕ್ಕ ಬ್ರೇಕ್ ಇಲ್ಲ. ಡಿಪೋಕ್ಕ ಕಳಸಂತ ಹೇಳು" ಎಂದರು.

ಮಾರಾಟದವನಿಗೆ ಅರ್ಥವಾಗಲಿಲ್ಲ. ಅಷ್ಟರಲ್ಲಿ ತಿರುಗಿ ಬಂದಿದ್ದ ತಮ್ಮನಿಗೆ ಅರ್ಥವಾದ ಹಾಗೆ ಮುಖ ಮಾಡಲು ಬಂತು. ನಾನು ಮತ್ತೆ ಮಗಳಿಗೆ ಫೋನು ಮಾಡಿದೆ. ಟಿವಿ ಚಿತ್ರವನ್ನು ಚಂದ ಮಾಡುತ್ತಾ ಕೂತಿರುವುದರಿಂದ ಹಾಗೆ ತಡವಾಗುತ್ತದೆ, ಗೇಮ್ ಮೋಡ್ ಹಾಕಿಸು ಎಂದಳು. ಹಾಕಿಸಿದೆ. ಬಣ್ಣ ಸ್ವಲ್ಪ ಮಂಕಾಯಿತು, ಬ್ರೇಕ್ ಒತ್ತಿದ ಕೂಡಲೇ ಬಸ್ಸು ನಿಂತಿತು. ಯಜಮಾನರ ತಲೆ ಎಡಕ್ಕೆ ಹೊರಳಿ ಕನ್ನಡಿಯ ಕಡೆಗೆ ಹೋಯಿತು, ಮತ್ತೆ ನೆಟ್ಟಗಾಯಿತು. ಅಷ್ಟು ಸಾಕು ಎಂದು ಅದಕ್ಕೇ ದುಡ್ಡು ಕಟ್ಟಿದೆ. ಮಾರಾಟದವನು ಪರದೆಗೆ ಗಾಜಿನಂಥ ಹಲಗೆ, ಸ್ಟೆಬಿಲೈಸರ್, ಇನ್ನಷ್ಟು ವರ್ಷದ ವಾರಂಟಿ ಎಂದು ಬಾಗಿಲಿನವರೆಗೂ ಬೆನ್ನು ಹತ್ತಿದ. ಹೆಣಕ್ಕೆ ಬಿದಿರು ಮಡಕೆ ಮಾರುವವರೂ ಇಷ್ಟು ಹಿಂಸೆ ಕೊಡುವುದಿಲ್ಲ.

ಟಿವಿ ಬಂದ ದಿನ ನಾನು ಬ್ಯಾಂಕಿಗೆ ಹೋಗಬೇಕಾಗಿತ್ತು. ನಾನಿದ್ದೇನಲ್ಲ ಎಂದು ತಮ್ಮ ಬಂದು ಕೂತ. ತಿರುಗಿ ಬರುವಷ್ಟರಲ್ಲಿ ಅವನೂ ಫಿಟಿಂಗಿನವರೂ ಸೇರಿ ಗೋಡೆ ಕೊರೆದು ಟಿವಿಯನ್ನು ಮೇಲೆ ನೇತುಹಾಕಿ ಮುಗಿಸಿದ್ದರು. ಮೇಲೆ ಅಂದರೆ ಬಾಗಿಲಿನ ಚೌಕಟ್ಟಿನ ಸಮ, ದೇವರ ಫೋಟೋ ಇರುವ ಎತ್ತರ. ಈ ಊರಿನಲ್ಲಿ ಟಿವಿಯನ್ನು ಅಲ್ಲಿ ಹಾಕುವುದೇ ಮರ್ಯಾದೆಯಂತೆ. ಕೆಳಗೆ ಒಂದು ಶೋಕೇಸು ಬರಬೇಕು, ಅದರಲ್ಲಿ ಯಾರೂ ಮುಟ್ಟದ ಗಾಜಿನ ಸಾಮಾನು ಬರಬೇಕು, ಕೆಳಗೆ ಕೂತವರು ಮುಖ ಮೇಲೆತ್ತಿ ನೋಡಬೇಕು. ಸ್ಟೇಷನ್ನಿನಲ್ಲಿ ಗಾಡಿಯ ಹೊತ್ತು ನೋಡುವ ಹಾಗೆ ಮನೆಮಂದಿ ಬಾಳೆಲ್ಲ ಕತ್ತು ಎತ್ತಿಕೊಂಡು ಕೂತಿರುತ್ತಾರೆ, ಒಬ್ಬರಿಗೂ ಇದು ಯಾಕೆ ಎಂದು ಕೇಳಬೇಕು ಅನಿಸುವುದಿಲ್ಲ.

"ಹೆಂಗೈತಿ ಅಕ್ಕಾ? ಥೇಟ್ ಥೇಟರ್" ಎಂದ ತಮ್ಮ.

ನೋಡಲು ಏನೋ ಚೆನ್ನಾಗಿಯೇ ಇತ್ತು. ಮರುದಿನ ಯಜಮಾನರು ಅಂಗಿ ಹಾಕಿಕೊಂಡು ಕೂತರು. ಕುರ್ಚಿಯನ್ನು ಹಿಂದೆ ಸರಿಸಿದರು, ಗೋಡೆ ತಾಗಿತು. ನಮ್ಮ ಹಾಲ್‌ನಲ್ಲಿ ಅದಕ್ಕಿಂತ ಹಿಂದೆ ಹೋಗಬೇಕೆಂದರೆ ಪಕ್ಕದ ಮನೆಗೆ ಹೋಗಬೇಕು. ಸ್ವಲ್ಪ ಹೊತ್ತು ಓಡಿಸಿದರು. ಕತ್ತು ಉಜ್ಜಿಕೊಂಡರು. ಮತ್ತೆ ಸ್ವಲ್ಪ ಹೊತ್ತು ಓಡಿಸಿ ಕಂಟ್ರೋಲರನ್ನು ಕೆಳಗಿಟ್ಟರು.

"ಚಂದ ಐತಿ. ನೀವು ಸಿನಿಮಾ ನೋಡ್ರಿ" ಎಂದರು.

"ಕಾಣವಲ್ಲದೇನ್ರಿ?"

"ರಸ್ತೆ ಎಂದಾರ ತೆಲಿ ಮ್ಯಾಲ ಇರತೈತೇನು?"

ಅಷ್ಟೇ ಹೇಳಿ ಕಿಟಕಿಯ ಹತ್ತಿರ ಹೋದರು. ಆಮೇಲಿನ ದಿನಗಳನ್ನು ನೆನೆದರೆ ಈಗಲೂ ನನಗೆ ಮೈಯೆಲ್ಲ ಉರಿಯುತ್ತದೆ. ಟಿವಿ ಬಂದ ಸುದ್ದಿಗೆ ಮಹಡಿಯ ಹೆಂಗಸರು ಬಂದರು, ಇಷ್ಟು ದೊಡ್ಡದರಿಂದ ಕಣ್ಣು ಹಾಳಾಗುತ್ತದೆ ಎಂದು ಬುದ್ಧಿ ಹೇಳಿ, ಅದೇ ಕಣ್ಣಿನಿಂದ ಧಾರಾವಾಹಿ ನೋಡಿಕೊಂಡು ಹೋದರು. ಭಾನುವಾರಗಳಲ್ಲಿ ತಮ್ಮ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಬಂದು ಸಿನಿಮಾ ಹಾಕಿದ. ನಾನು ಅವಲಕ್ಕಿ ಕಲಸಿ ಕೊಟ್ಟೆ. ಪರದೆಯ ಮೇಲೆ ಕಾರುಗಳು ಕಟ್ಟಡದಿಂದ ಕಟ್ಟಡಕ್ಕೆ ಹಾರುತ್ತಿದ್ದವು, ಎಲ್ಲರೂ ಕತ್ತೆತ್ತಿ ನೋಡುತ್ತಿದ್ದರು. ಯಾರಿಗೋಸ್ಕರ ಅದು ಮನೆಗೆ ಬಂದಿತ್ತೋ ಅವರು ಬೆನ್ನು ತಿರುಗಿಸಿ ರಸ್ತೆಯ ಹಾರ್ನ್ ಕೇಳುತ್ತಿದ್ದರು. ಒಂದು ಸಲವಾದರೂ ಯಾರಾದರೂ, ಅವರು ಯಾಕೆ ಆಡುತ್ತಿಲ್ಲ ಎಂದು ಕೇಳಿದರೇ? ಇಲ್ಲ. ಶಬ್ದ ಇನ್ನಷ್ಟು ಜೋರು ಮಾಡು ಎಂದರು.

ಟಿವಿಯನ್ನು ಕೆಳಗಿಳಿಸು ಎಂದು ತಮ್ಮನಿಗೆ ಹೇಳಿದೆ. ಅವನ ಮುಖ ನಾನು ತಾಜಮಹಲನ್ನು ಇಳಿಸಲು ಹೇಳಿದ ಹಾಗಾಯಿತು. ಗೋಡೆಯಲ್ಲಿ ತೂತು ಕಾಣುತ್ತದೆ, ಬಂದವರು ಏನೆನ್ನುತ್ತಾರೆ, ಕೆಳಗಿಟ್ಟರೆ ಟಿವಿಗೆ ಕಳೆಯಿರುವುದಿಲ್ಲ ಎಂದ. ನಮ್ಮ ಮನೆಗೆ ಬರುವವರು ನೀವೇ, ನೀವು ಏನಾದರೂ ಅನ್ನಿ, ನನಗೆ ಆಗಬೇಕಾದದ್ದೇನೂ ಇಲ್ಲ ಎಂದೆ. ಮುನಿಸಿಕೊಂಡು ಹೋದ. ಅವನು ಮುನಿಸಿಕೊಂಡಿದ್ದಾಗ ನಮ್ಮ ಮನೆಯ ಅವಲಕ್ಕಿ ತುಂಬಾ ದಿನ ಬರುತ್ತದೆ.

ಮಗಳು ರಜೆ ಹಾಕಿ ಭಾಂಡುಪ್‌ನಿಂದ ಬಂದಳು, ಅಳಿಯನೂ ಬಂದ. ಮೂವರೂ ಸೇರಿ ಟಿವಿ ಇಳಿಸಿದೆವು. ನನ್ನ ತವರಿನಿಂದ ಬಂದ ಕಬ್ಬಿಣದ ಟ್ರಂಕನ್ನು ಗೋಡೆಗೆ ಒತ್ತಿಸಿ, ಮೇಲೆ ಜಮಖಾನೆ ಹಾಸಿ, ಅದರ ಮೇಲೆ ಟಿವಿ ನಿಲ್ಲಿಸಿದೆವು. ಕೂತವರ ಎದೆಯ ಮಟ್ಟಕ್ಕೆ ಬಂತು. ಅಳಿಯ ಕುರ್ಚಿಯಲ್ಲಿ ಕೂತು ನೋಡಿ, ಬರೋಬರ್ ಡ್ರೈವರ್ ಸೀಟು ಎಂದ. ಗೋಡೆಯಲ್ಲಿ ನಾಲ್ಕು ತೂತುಗಳು ಉಳಿದವು. ಅವರಿಬ್ಬರೂ ಸಂಜೆಯ ಗದ್ದಲಕ್ಕೆ ಮೊದಲೇ ಲೋಕಲ್ ಹಿಡಿಯಬೇಕೆಂದು ಹೊರಟರು.

ಯಜಮಾನರನ್ನು ನಾನು ಕರೆಯಲಿಲ್ಲ. ಅಡುಗೆಮನೆಯಲ್ಲಿ ರೊಟ್ಟಿಗೆ ಹಿಟ್ಟು ನಾದುತ್ತಾ ಕಿವಿ ಮಾತ್ರ ಟಿವಿಯ ಕಡೆ ಇಟ್ಟಿದ್ದೆ. ಕುರ್ಚಿ ಎಳೆದ ಸದ್ದು ಕೇಳಿಸಿತು. ಇಂಜಿನ್ನಿನ ಸದ್ದು ಕೇಳಿಸಿತು. ಬಸ್ಸು ಹೊರಟಿತು, ಓಡಿತು, ನಿಂತಿತು, ಬಾಗಿಲು ತೆರೆದುಕೊಂಡ ಸದ್ದೂ ಬಂತು. ಆಮೇಲೆ ಏನೂ ಇಲ್ಲ. ಇಂಜಿನ್ ನಿಂತಲ್ಲೇ ಗುರ್ ಎನ್ನುತ್ತಿತ್ತು. ನಾನು ಒಂದು ರೊಟ್ಟಿ ತಟ್ಟಿ ಹಂಚಿಗೆ ಹಾಕಿದೆ. ಬಸ್ಸು ಹೊರಡಲಿಲ್ಲ. ರೊಟ್ಟಿ ಬೆಂದು ಕೆಳಗಿಳಿಯಿತು, ಬಸ್ಸು ಹೊರಡಲೇ ಇಲ್ಲ.

ಇಷ್ಟೆಲ್ಲ ಮಾಡಿಯೂ ಕಾಣಿಸುತ್ತಿಲ್ಲ ಎಂದುಕೊಂಡೆ. ಅಂಗಡಿಯವನ ಮೇಲೆ, ತಮ್ಮನ ಮೇಲೆ, ಸಕ್ಕರೆ ಕಾಯಿಲೆಯ ಮೇಲೆ, ಎಲ್ಲರ ಮೇಲೂ ಒಟ್ಟಿಗೆ ಸಿಟ್ಟು ಬಂತು. ಹಿಟ್ಟಿನ ಕೈಯಲ್ಲೇ ಹೊರಗೆ ಬಂದೆ. ಅವರು ನೆಟ್ಟಗೆ ಕೂತಿದ್ದರು. ಪರದೆಯ ಮೇಲೆ ಬಸ್ಸು ಸ್ಟಾಪಿನಲ್ಲಿ ನಿಂತಿತ್ತು.

"ಯಾಕ್ರೀ, ಕಾಣವಲ್ಲದೇನು?"

"ಕಾಣತೈತಿ. ನೋಡು, ಆ ಛತ್ರಿ ಹಿಡದಾಕಿ ಹತ್ತಿದ್ಲು. ಅಕೀ ಹಿಂದ ಒಬ್ಬ ಮುದುಕ. ಕನ್ನಡ್ಯಾಗ ಸ್ವಚ್ಛ ಕಾಣಾಕತ್ತಾರ."

"ಮತ್ತ ಯಾಕ ನಿಂತೀರಿ?"

ಅವರು ನನ್ನನ್ನು ತಿರುಗಿ ನೋಡಿದರು, ಇಷ್ಟೂ ತಿಳಿಯದ ಹೆಂಗಸು ಇಷ್ಟು ವರ್ಷ ನನ್ನ ಜೊತೆ ಹೇಗೆ ಬಾಳಿದಳು ಎನ್ನುವ ಹಾಗೆ.

"ಬೆಲ್ ಆಗಿಲ್ಲ" ಎಂದರು.

ಅವರು ಡ್ಯೂಟಿಯಲ್ಲಿ ಓಡಿಸುತ್ತಿದ್ದ ಬಸ್ಸಿನಲ್ಲಿ ಕಂಡಕ್ಟರ್ ಹಿಂದಿನಿಂದ ಎರಡು ಸಲ ಗಂಟೆ ಬಾರಿಸುವವರೆಗೆ ಡ್ರೈವರ್ ಗಾಡಿ ಬಿಡುವಂತಿರಲಿಲ್ಲ. ಹತ್ತುವವರು ಹತ್ತಿದರೋ, ಯಾರದಾದರೂ ಸೆರಗು ಬಾಗಿಲಲ್ಲಿ ಸಿಕ್ಕಿದೆಯೋ ಹಿಂದಿದ್ದವನಿಗೇ ಗೊತ್ತು. ಖಾಲಿ ರಸ್ತೆಯಲ್ಲಿ ಸುತ್ತುವಾಗ, ಜನ ಸಾಸಿವೆ ಕಾಳಿನಂತಿದ್ದಾಗ ಅವರಿಗೆ ಬೆಲ್ ಬೇಕಿರಲಿಲ್ಲ. ಈಗ ಬಸ್ಸಿನಲ್ಲಿ ಜನ ಇದ್ದರು.

ಇದೆಂಥ ಹುಚ್ಚು ಎಂದು ಅನ್ನಲು ಬಾಯಿ ತೆರೆದೆ. ಜಗತ್ತಿನಲ್ಲಿ ನಾನು ಸುಮ್ಮನೆ ಬಿಟ್ಟ ಮೂರ್ಖತನ ಕಡಿಮೆ. ಇದನ್ನು ಮಾತ್ರ ಬಿಟ್ಟೆ. ಅವರಿಗೆ ಕಾಣುತ್ತಿತ್ತು. ಛತ್ರಿ ಕಾಣುತ್ತಿತ್ತು, ಮುದುಕ ಕಾಣುತ್ತಿದ್ದ. ನನಗೆ ಅಷ್ಟು ಸಂತೋಷವಾದ ಇನ್ನೊಂದು ದಿನ ನನ್ನ ನೆನಪಿನಲ್ಲಿಲ್ಲ. ಒಳಗೆ ಹೋಗಿ ಸ್ಟೀಲಿನ ಚೊಂಬೂ ಚಮಚವೂ ತಂದೆ. ಅವರ ಕುರ್ಚಿಯ ಹಿಂದೆ ನಿಂತು ಎರಡು ಸಲ ಬಾರಿಸಿದೆ.

ಬಾಗಿಲು ಮುಚ್ಚಿತು, ಬಸ್ಸು ಹೊರಟಿತು. ಕಣ್ಣು ರಸ್ತೆಯಿಂದ ತೆಗೆಯದೆ ಅವರು ಹೇಳಿದರು:

"ಕೂಡ್ರು. ಮುಂದ ತಿರುವು ಐತಿ, ನಿಂತವ್ರು ಬೀಳತಾರ."

ನಾನು ಹಿಂದಿನ ಸ್ಟೂಲಿನ ಮೇಲೆ ಕೂತೆ. ಒಲೆಯ ಮೇಲಿನ ಹಂಚು ಕಾದು ಹೊಗೆಯಾಡುತ್ತಿತ್ತು, ಏಳಲಿಲ್ಲ. ಮುಂದಿನ ಸ್ಟಾಪು ಬರುವುದಿತ್ತು.